ವಾರ್ಡಿನವರೆಲ್ಲ ಕಾಯ್ದು ಕೂತ ಸದ್ದು

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡೆ. ಮೊದಲು ಹಿಂದಿನ ದಿನದ ಊಟ. ಆಮೇಲೆ ಬರೀ ನೀರು. ಆಮೇಲೆ ಹಸಿರು.

ಹಳದಿಯಲ್ಲ. ಪಾಚಿಯಂಥ ಹಸಿರು.

"ಪಿತ್ತ ಬಿತ್ತು!" ಎಂದು ಬೆನ್ನು ಸವರುತ್ತಿದ್ದ ಗಂಗಕ್ಕ ಖುಷಿಪಟ್ಟಳು. ಗಂಗಕ್ಕ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಒಂದೇ ಮನೆಯಲ್ಲಿ ನನ್ನ ಜೊತೆ ಮುದುಕಿಯಾದವಳು. "ಛಲೋ ಆತ್ ಬಿಡ ಟೀಚರಬಾಯಿ. ಇನ್ನ ಮೈ ಹಗರಾಗ್ತೈತಿ ನೋಡು."

ನಮ್ಮ ಮನೆಯಲ್ಲಿ ಅದು ಶುಭಸುದ್ದಿಯೇ. ಇಲ್ಲಿನ ಗಂಡಸರು ದಿನಾ ಹಲ್ಲುಜ್ಜುವಾಗ ಗಂಟಲಿಗೆ ಬೆರಳು ಹಾಕಿ, ಓಣಿಗೆಲ್ಲ ಕೇಳುವಂತೆ ಓಕರಿಸಿ, ಪಿತ್ತ ತೆಗೆದ ಮೇಲೆಯೇ ಚಹಾ ಮುಟ್ಟುತ್ತಾರೆ. ಕಾನ್ವೆಂಟಿನಲ್ಲಿ ಕಲಿತು ದೇವಣಗಾಂವಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ನನ್ನ ಹಸ್ಬೆಂಡ್ ಹಾಗೆ ಸದ್ದು ಮಾಡಿದಾಗ ಡಾಕ್ಟರನ್ನು ಕರೆಯಿರಿ ಎಂದು ಅಂಗಳಕ್ಕೆ ಓಡಿ ಬಂದಿದ್ದೆ. ಅತ್ತೆ ನಕ್ಕು ನಕ್ಕು ಕೂತೇಬಿಟ್ಟಿದ್ದರು. ಈಗ ಅವರೂ ಇಲ್ಲ, ನನ್ನವರೂ ಇಲ್ಲ. ಗಂಗಕ್ಕನ ಮಗ ಮಲ್ಲಪ್ಪ ಆ ಟ್ರಡಿಶನ್ ಮುಂದುವರಿಸಿದ್ದಾನೆ. ಆದರೂ ಅದು ನನ್ನವರ ಸದ್ದಲ್ಲ.

ಹಾಗಾಗಿ ನಾನೂ ಪಿತ್ತವೆಂದೇ ನಂಬಿದೆ. ನಿಂಬೆರಸಕ್ಕೆ ಜೀರಿಗೆ ಹಾಕಿ ಕೊಟ್ಟರು. ಕುಡಿದೆ. ಹಸಿರಾಗಿ ವಾಪಸ್ ಬಂತು. ಹೊಟ್ಟೆನೋವು ಅಲೆಯಂತೆ ಏರಿ, ಇಳಿದು, ಮತ್ತೆ ಏರಿತು. ಹಿಂದಿನ ದಿನ ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ನಾವೂ ಬನ್ನಿಗಿಡದ ಕೆಳಗೆ ಕೂತು ಉಂಡಿದ್ದೆವು. ಸಜ್ಜೆ ಕಡಬು, ಭರ್ತ, ಶೇಂಗಾ ಹೋಳಿಗೆ. ಅದರ ಮೇಲೆ ಹಸಿ ಕಡಲೆ, ಬಾರಿಹಣ್ಣು. ಹಲ್ಲಿಲ್ಲದ ಕಡೆ ಅಗಿಯದೇ ನುಂಗಿದ್ದೆ. ಬಿಸಿಲು ಹಿತವಾಗಿತ್ತು, ಹೊಲ ಹಸಿರಾಗಿತ್ತು, ಹೊಟ್ಟೆಯ ವಯಸ್ಸು ಯಾರಿಗೆ ನೆನಪಿರುತ್ತದೆ?

ಮಧ್ಯಾಹ್ನ ಮಲ್ಲಪ್ಪನ ಹೆಂಡತಿ ಸುಜಾತಾ ಬಂದು ನನ್ನನ್ನೇ ದಿಟ್ಟಿಸಿದಳು. "ಸಣ್ಣತ್ತಿ, ನಿರಿಗಿ ಯಾಕ ಮ್ಯಾಲೆ ಎದ್ದಾವ್ರಿ? ಹೊಟ್ಟಿ ನಗಾರಿ ಆಗೇತಲ್ರಿ! ಸಂಡಾಸಕ್ಕರ ಹೋಗೀರೇನು?"

ಹೋಗಿರಲಿಲ್ಲ.

ಮಲ್ಲಪ್ಪ ಕಾರು ತೆಗೆದ. ಸಿಂದಗಿಯ ಆಸ್ಪತ್ರೆ ಮುಟ್ಟುವವರೆಗೂ ಗಂಗಕ್ಕ ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಕೂತಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿ, ಮೊದಲು ಏನಾದರೂ ಆಪರೇಶನ್ ಆಗಿದೆಯೇ ಎಂದು ಕೇಳಿದರು. ಎಷ್ಟೋ ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದೆ. ಅದನ್ನು ಹೇಳಿದ ಮೇಲೆ ಅವರ ಮುಂದಿನ ಪ್ರಶ್ನೆ, "ಗ್ಯಾಸ್ ಪಾಸ್ ಆಗೇತೇನ್ರಿ ಅಜ್ಜಿ?"

ನಮ್ಮ ಕಾನ್ವೆಂಟಿನ ಸಿಸ್ಟರ್ಸ್ ಸೀನುವುದನ್ನೂ ಕರ್ಚೀಫಿನೊಳಗೆ ಕಲಿಸಿದವರು. ನನ್ನ ಬಾಯಿಂದ, "ಐ ಬೆಗ್ ಯುವರ್ ಪಾರ್ಡನ್?" ಎಂದು ಬಂತು.

"ಹೂಸು ಹೋಗೇತೇನು ಅಂತ ಕೇಳಾಕತ್ತಾರ!" ಎಂದು ಗಂಗಕ್ಕ ಕೂಗಿದಳು. ಬಾಗಿಲಾಚೆಯ ಕ್ಯೂ ಪೂರ್ತಿ ನಕ್ಕಿತು.

ಎಕ್ಸ್‌ರೇ ಬಂತು. ಇಂಟೆಸ್ಟೈನಲ್ ಅಬ್‌ಸ್ಟ್ರಕ್ಷನ್, ಅಂದರೆ ಕರುಳಿನ ದಾರಿ ಕಟ್ಟಿದೆ.

ಹಳೆಯ ಆಪರೇಶನ್ನಿನ ಗಾಯ ಒಳಗೆ ಮಾಯುವಾಗ ಕರುಳಿಗೆ ಎಳೆಯಂತೆ ಅಂಟಿಕೊಂಡಿದೆ. ಆ ಇಕ್ಕಟ್ಟಿನಲ್ಲಿ ನಿನ್ನೆಯ ನಾರು ಸಿಕ್ಕಿಕೊಂಡಿರಬೇಕು. ಕೆಳಗೆ ದಾರಿಯಿಲ್ಲದ ಪಿತ್ತ ಮೇಲೆ ಬರುತ್ತಿದೆ ಎಂದು ಡಾಕ್ಟರು ವಿವರಿಸಿದರು.

"ಪಿತ್ತ ಹೊರಗ ಬಿದ್ರ ಛಲೋ ಅಲ್ಲೇನ್ರಿ?" ಗಂಗಕ್ಕ ಬಿಡಲಿಲ್ಲ.

"ಖಾಲಿ ಹೊಟ್ಟ್ಯಾಗ ವಾಂತಿ ಆದ್ರ ಹಳದಿ ಬರ್ತೈತ್ರಿ ಆಯೀ. ತಿಂದದ್ದು ಕೆಟ್ರೂ, ಸೆರೆ ಹೆಚ್ಚ ಕುಡುದ್ರೂ ಬರ್ತೈತಿ. ಹೆಚ್ಚಾಗಿ ತಾನ ನಿಲ್ತೈತಿ," ಎಂದರು ಡಾಕ್ಟರು. "ಆದ್ರ ಹಸಿರು ಬರೂದು ನಿಲ್ಲಲಿಲ್ಲ, ಹೊಟ್ಟಿ ಉಬ್ಬಿತು, ಗ್ಯಾಸ್ ಹೋಗಲಿಲ್ಲ ಅಂದ್ರ ಮನ್ಯಾಗ ಲಿಂಬಿ ಹಿಂಡ್ಕೋತ ಕೂಡಬಾರ್ದು. ರಕ್ತ ಬಂದ್ರ, ಕಾಫಿ ಪುಡಿ ಹಂಗ ಕರ್ರಗ ಬಂದ್ರ, ಜ್ವರ ಬಂದ್ರ, ನೀರೂ ನಿಲ್ಲಲಿಲ್ಲ ಅಂದ್ರ ತಡಾ ಮಾಡಬ್ಯಾಡ್ರಿ. ಹಸುಗೂಸು ಹಸಿರು ಕಾರಿತಂದ್ರಂತೂ ನಿಂತ ಕಾಲಾಗ ಓಡಿ ಬರ್ರಿ."

ಗಂಗಕ್ಕ ನಿಂಬೆಹಣ್ಣನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡಳು.

ನಾಳೆ ಬೆಳಿಗ್ಗೆಯವರೆಗೆ ನೋಡೋಣ ಎಂದರು. ಗ್ಯಾಸ್ ಪಾಸ್ ಆದರೆ ದಾರಿ ತೆರೆಯಿತು ಎಂದರ್ಥ. ಆಗದಿದ್ದರೆ, ಅಥವಾ ನೋವು ಹೆಚ್ಚಾದರೆ, ವಿಜಯಪುರಕ್ಕೆ. ಆಪರೇಶನ್.

ಈ ವಯಸ್ಸಿಗೆ.

ಅನಸ್ತೇಶಿಯಾ ಕೊಟ್ಟ ಮೇಲೆ ಕಣ್ಣು ತೆರೆಯದೇ ಹೋದರೆ? ನಿನ್ನೆ ಹೊಲದಲ್ಲಿ ಕಂಡದ್ದೇ ಕಡೆಯ ಹಸಿರಾದರೆ? ಯಾರಿಗೂ ಹೇಳಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು, ರೈಲ್ಸ್ ಟ್ಯೂಬ್ ಅಂತೆ. ಕೈಗೆ ಸಲೈನ್. ಬಾಯಿಗೆ ಏನೂ ಇಲ್ಲ. ಪಕ್ಕದ ಚೀಲದಲ್ಲಿ ಹಸಿರು ತುಂಬುತ್ತಿತ್ತು, ನೋವು ಸ್ವಲ್ಪ ಇಳಿಯಿತು.

ಕಾಯುವುದು ಶುರುವಾಯಿತು. ನಾನೊಬ್ಬಳೇ ಅಲ್ಲ, ಇಡೀ ವಾರ್ಡು. ಎದುರು ಬೆಡ್ಡಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ತಾಳಿಕೋಟೆಯ ಹೆಣ್ಣುಮಗಳು, "ಹೋತೇನ್ರಿ ಟೀಚರ?" ಎಂದು ಕೇಳುತ್ತಲೇ ಇದ್ದಳು. ನೋಡಲು ಬಂದ ಬೀಗರು ಆರಾಮ ಇದ್ದೀರೇನು ಎಂದು ಕೇಳುವುದು ಬಿಟ್ಟು, "ಇನ್ನೂ ಇಲ್ಲೇನ್ರಿ?" ಎಂದರು. ಗಂಗಕ್ಕ ಬಾಗೇವಾಡಿ ಬಸವಣ್ಣನಿಗೆ ಕಾಯಿ ಒಡೆಸುತ್ತೇನೆಂದು ಬೇಡಿಕೊಂಡಳು. ಹೂಸಿಗೆ ಹರಕೆ ಹೊತ್ತವರನ್ನು ನಾನು ಇದೇ ಮೊದಲು ಕಂಡದ್ದು.

"ನಗಿಸಬ್ಯಾಡಕ್ಕಾ, ಹೊಟ್ಟಿ ನೋಯ್ತೈತಿ," ಎಂದೆ.

"ನಗು. ನಕ್ಕರರ ಬರ್ತೈತಿ."

ಬೆಳಗಾಯಿತು. ಚೀಲದ ಹಸಿರು ತಿಳಿಯಾಗಿತ್ತು. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತು. ಒಳಗೆ ಎಲ್ಲೋ ಗುಡುಗುಡು ಎಂದಿತು. ಗಂಗಕ್ಕನ ಕೈ ಹಿಡಿದೆ.

ಬಂತು.

ಸಣ್ಣದೇನಲ್ಲ. ಕಾನ್ವೆಂಟಿನ ಮಾನವೆಲ್ಲ ಒಂದೇ ಏಟಿಗೆ ಹೋಯಿತು. ನಾನು ಅಭ್ಯಾಸಬಲದಿಂದ "ಎಕ್ಸ್‌ಕ್ಯೂಸ್ ಮಿ" ಎಂದೆ. ತಾಳಿಕೋಟೆಯವಳು ಚಪ್ಪಾಳೆ ತಟ್ಟಿದಳು. ಗಂಗಕ್ಕ ಮಾತ್ರ ನಗಲಿಲ್ಲ. ನನ್ನ ಹಣೆಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಇವಳಿಗೂ ಅದೇ ಹೆದರಿಕೆ ಇತ್ತು ಎಂದು ಆಗ ತಿಳಿಯಿತು.

ಮತ್ತೆ ಎಕ್ಸ್‌ರೇ ತೆಗೆದು ನೋಡಿ, "ಕಂಗ್ರಾಜುಲೇಶನ್ಸ್ ಅಜ್ಜಿ," ಎಂದರು ಡಾಕ್ಟರು.

ಈಗ ಮನೆಯಲ್ಲಿದ್ದೇನೆ. ಮೆತ್ತಗಿನ ಗಂಜಿ, ಸ್ವಲ್ಪ ಸ್ವಲ್ಪ ಊಟ, ಚೆನ್ನಾಗಿ ಅಗಿಯುವುದು. ಆ ಎಳೆ ಒಳಗೇ ಇದೆ, ಮತ್ತೆ ಬಿಗಿಯಬಹುದು ಎಂದಿದ್ದಾರೆ. ಇರಲಿ. ಏನು ಕಂಡರೆ ಆಸ್ಪತ್ರೆಗೆ ಹೊರಡಬೇಕೆಂದು ಈಗ ಗೊತ್ತಿದೆ.

ಗೊತ್ತಿರುವುದು ನನಗೊಬ್ಬಳಿಗೇ ಅಲ್ಲ. ಇವತ್ತು ಬೆಳಿಗ್ಗೆ ಮಲ್ಲಪ್ಪ ಎಂದಿನಂತೆ ಬಚ್ಚಲಿನಲ್ಲಿ ಓಕರಿಸಿದ. ಗಂಗಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಾಗಿಲು ಬಡಿದಳು. "ಲೇ ಮಲ್ಯಾ, ಬಣ್ಣ ಯಾವ್ದೈತಿ? ಹೊಟ್ಟಿ ಉಬ್ಬೇತೇನು? ಹೂಸು ಹೋಗಾಕತ್ತೈತೋ ಇಲ್ಲೋ?"

ಓಣಿಯಲ್ಲಿ ಯಾರೋ ನಕ್ಕರು. ನನ್ನವರು ಇದ್ದಿದ್ದರೆ ಎಷ್ಟು ನಗುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು, ಬಿಸಿ ಗಂಜಿಯನ್ನು ಅಗಿದು ಅಗಿದು ನುಂಗಿದೆ.