ಬಾಯಮ್ಮನ ನಲವತ್ತೊಂದು ದೃಶ್ಯಗಳು

ಬಾಯಮ್ಮ ನಗುವಾಗ ಸದ್ದು ಬರುತ್ತಿರಲಿಲ್ಲ, ಕುತ್ತಿಗೆಯ ಮೇಲಿನ ಬಟ್ಟೆ ಹಾರುತ್ತಿತ್ತು. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ಡಾಕ್ಟರರು ತೆಗೆದಿದ್ದರು. ಉಸಿರಾಟಕ್ಕೆಂದು ಕುತ್ತಿಗೆಯ ಬುಡದಲ್ಲಿ ನಾಣ್ಯದಗಲದ ಒಂದು ತೂತು. ಅದನ್ನು ಮುಚ್ಚಲು ತಾವೇ ಕ್ರೋಶದಲ್ಲಿ ಹೆಣೆದ ಬಿಳಿ ಬಟ್ಟೆ. ಇಗರ್ಜಿಗೆ ಹೋಗುವ ಭಾನುವಾರ ಮಾತ್ರ ನೀಲಿ. ನಾನು ಕೋತಿಚೇಷ್ಟೆ ಮಾಡಿದರೆ ಆ ಬಟ್ಟೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ಮುನ್ನಾದಿನದ ಮೆಹೆಂದಿಗೂ ಕ್ರಿಶ್ಚಿಯನ್ನರ ರೋಸ್ ಕಾರ್ಯಕ್ರಮಕ್ಕೂ ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸುವವನು ನಾನು. ಆದರೆ ಆ ಬಟ್ಟೆಯ ಪಟಪಟಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಮತ್ತೆ ಸಿಕ್ಕಿಲ್ಲ.

ವಾಮಂಜೂರಿನಲ್ಲಿ ನಮ್ಮಿಬ್ಬರ ಮನೆಯ ನಡುವೆ ಒಂದು ಕಂಪೌಂಡು ಗೋಡೆ. ಅದರಲ್ಲಿ ನಾನು ಹಾರಿ ಹಾರಿ ಸವೆಸಿದ ಒಂದು ಜಾಗ. ನಾವು ತುಳು ಮಾತಾಡುವವರು, ಅವರದು ಕೊಂಕಣಿ. ಹಿರಿಯ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಕರೆಯುವ ಹಾಗೆ ನನಗೆ ಅವರು ಬಾಯಮ್ಮ, ಅವರಿಗೆ ನಾನು ಪುತ, ಅಂದರೆ ಮಗ. ಗಲ್ಫಿನ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಬಂದ ಒಂಟಿ ಜೀವ. ಧ್ವನಿ ಇದ್ದಾಗ ಅದು ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು. ಗೋಡೆ ಹಾರಿದಾಗಲೆಲ್ಲ ಬೈಸಿಕೊಂಡು ನನಗದು ಕಂಠಪಾಠವಾಗಿತ್ತು.

ಧ್ವನಿ ಹೋದ ಮೇಲೆ ಅವರು ಕಾದಂಬರಿ ಬರೆಯಲು ಕುಳಿತರು. ಅವರ ಹಳೆಯ ಲ್ಯಾಪ್‌ಟಾಪ್ ಕುಂಟತೊಡಗಿದಾಗ ಬಿಜೈಯ ರಿಪೇರಿ ಅಂಗಡಿಯವನು ಅದಕ್ಕೆ, ಯಾರಪ್ಪನ ಸೊತ್ತೂ ಅಲ್ಲದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. ಕಾದಂಬರಿ ಬರೆಯುವುದಕ್ಕೆಂದೇ ಮಾಡಿದ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಬಾಯಮ್ಮ ತಾವೇ ಹುಡುಕಿ ಅದರಲ್ಲಿ ಹಾಕಿಕೊಂಡರು. ಎಡಗಡೆ ದೃಶ್ಯಗಳ ಪಟ್ಟಿ. ಹೆಸರು ಒತ್ತಿದರೆ ಬಲಗಡೆ ಆ ದೃಶ್ಯ ತೆರೆದುಕೊಳ್ಳುತ್ತದೆ. ಪ್ರತಿ ಪಾತ್ರಕ್ಕೂ ಟಿಪ್ಪಣಿಗೊಂದು ಪುಟ. ಆ ಪುಟವನ್ನು ಅವರು ರೋಗಿಯ ಕೇಸ್ ಶೀಟಿನ ಹಾಗೆ ತುಂಬಿಸುತ್ತಿದ್ದರು: ಹೆಸರು, ವಯಸ್ಸು, ತೊಂದರೆ ಏನು, ಎಷ್ಟು ದಿನದಿಂದ. ಕಾದಂಬರಿಯಲ್ಲಿ ನರ್ಸುಗಳ ಹಾಸ್ಟೆಲಿನ ವಾರ್ಡನ್ ಒಬ್ಬಳಿದ್ದಳು. ಅವಳ ಪುಟದಲ್ಲಿ, “ಅಲರ್ಜಿ: ಬೇರೆಯವರ ನಗು.”

“ಪುಕ್ಕಟೆ ಯಾರು ಮಾಡಿ ಇಟ್ಟದ್ದು ಬಾಯಮ್ಮ ಇದನ್ನು?” ಎಂದು ಒಮ್ಮೆ ಕೇಳಿದೆ. ಮಾತಾಡಬೇಕಾದಾಗ ಅವರು ಟೈಪಿಸುತ್ತಿದ್ದರು. “ಗೊತ್ತಿಲ್ಲ ಪುತಾ. ಎಲ್ಲೆಲ್ಲಿಯದೋ ಜನ. ತಮ್ಮ ಡ್ಯೂಟಿ ಮುಗಿದ ಮೇಲೆ ಕೂತು ಮಾಡ್ತಾರಂತೆ. ನಿಂಗೆ ಡ್ಯೂಟಿಯೇ ಇಲ್ಲ, ನೀನು ಎಂತ ಮಾಡ್ತಿ?”

ಅದನ್ನು ನಾನು ಅವರ ಹಳೆಯ ಧ್ವನಿಯಲ್ಲೇ ಗಟ್ಟಿಯಾಗಿ ಓದಿಬಿಟ್ಟೆ. ಓದಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಾಯಮ್ಮ ಕ್ರೋಶದ ಸೂಜಿ ಕೆಳಗಿಟ್ಟರು. ಆಮೇಲೆ ಟೈಪಿಸಿದರು: “ಇನ್ನೊಮ್ಮೆ.”

ಅಂದಿನಿಂದ ಸಂಜೆ ನಾಲ್ಕರ ಚಹಾಕ್ಕೆ ನನ್ನ ಡ್ಯೂಟಿ. ಆ ದಿನ ಬರೆದ ದೃಶ್ಯವನ್ನು ಒಂದೊಂದು ಪಾತ್ರಕ್ಕೆ ಒಂದೊಂದು ಧ್ವನಿ ಕೊಟ್ಟು ಓದಬೇಕು. ಮಾತು ಸುಳ್ಳೆನಿಸಿದರೆ ಕ್ರೋಶದ ಸೂಜಿಯಿಂದ ಮೇಜಿಗೆ ಟಕ್. ಮಾತಿಲ್ಲದ ಕಡೆ, ಅಂದರೆ ಕೋಣೆ, ಕಿಟಕಿ, ಮರಳುಗಾಳಿ ಬಂದಲ್ಲಿ ನಾನು ಗಡಬಡ ಓಡಿಸುತ್ತಿದ್ದೆ. ಕಿಟಕಿಯ ಮಿಮಿಕ್ರಿ ಮಾಡಲಾಗುತ್ತದೆಯೇ? ಆಗಲೂ ಟಕ್. “ಎಂತ ಅವಸರ? ಬಸ್ಸು ಉಂಟಾ ನಿಂಗೆ?”

ಅವಸರ ಇದ್ದದ್ದು ಅವರಿಗೆ. ಗಡ್ಡೆ ಮತ್ತೆ ಬಂದಿತ್ತು. ನಲವತ್ತೊಂದು ದೃಶ್ಯಗಳಿಗೂ ಹೆಸರಿಟ್ಟಾಗಿತ್ತು, ಮೂವತ್ತೆಂಟನ್ನು ಬರೆದಾಗಿತ್ತು. “ಇನ್ನು ಮೂರು,” ಎಂದು ಟೈಪಿಸಿದರು. “ಅದೊಂದು ಮುಗಿದರೆ ನಾನು ತಯಾರು.”

ಆಗಲೇ ಲ್ಯಾಪ್‌ಟಾಪಿನ ಪರದೆ ಕಣ್ಣು ಮಿಟುಕಿಸತೊಡಗಿತು. “ನಾನಿದ್ದೇನಲ್ಲ” ಎಂದೆ. ಹಳೆಯದನ್ನು ಬಿಜೈಯ ಅಂಗಡಿಗೆ ಕೊಟ್ಟು ಸೆಕೆಂಡ್‌ಹ್ಯಾಂಡ್ ಇನ್ನೊಂದನ್ನು ತರುವುದೆಂದಾಯಿತು. ಬರೆದದ್ದನ್ನೆಲ್ಲ ಇಟ್ಟಿದ್ದ ಫೋಲ್ಡರಿನಲ್ಲಿ ಒಂದು ಫೈಲಿಗೆ ಕಾದಂಬರಿಯದೇ ಹೆಸರಿತ್ತು. ಆ ಫೈಲಿನ ಪಕ್ಕದಲ್ಲೇ ಇದ್ದ ಒಳಫೋಲ್ಡರಿನಲ್ಲಿ ಪುಟ್ಟ ಪುಟ್ಟ ಫೈಲುಗಳ ರಾಶಿ. ಅವುಗಳ ಹೆಸರೆಲ್ಲ ಅಂಕಿ, ಅಕ್ಷರ ಕಲಸಿದ ತಲೆಬುಡವಿಲ್ಲದ ಸಾಲು. ವೈರಸ್ಸೆಂದು ತೀರ್ಮಾನಿಸಿದೆ. ಕಾದಂಬರಿಯ ಹೆಸರಿದ್ದ ಒಂದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡೆ. ಹೊಸದು ಬಂದಾಗ ಬಾಯಮ್ಮ, “ಎಲ್ಲ ಬಂತಾ?” ಎಂದು ಟೈಪಿಸಿದರು. ನಾನು ಎಡಗಡೆಯ ಪಟ್ಟಿ ತೋರಿಸಿದೆ. ನಲವತ್ತೊಂದು ಹೆಸರೂ ಇದ್ದವು.

ಮರುದಿನ ಬೆಳಿಗ್ಗೆ ಅವರು ಒಂದೊಂದನ್ನೇ ತೆರೆದರು. ಒಂದೊಂದೂ ಖಾಲಿ.

ಬಿಜೈಗೆ ಓಡಿದೆ. ನಂತೂರಿನಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡಿತು. ದಿನಾ ಕಂಡಕ್ಟರನ ಹಾಗೆ ಸೀಟಿ ಊದಿ ಡ್ರೈವರನನ್ನು ಏಮಾರಿಸುತ್ತಿದ್ದ ನಾನು ಬಾಯಿ ಮುಚ್ಚಿ ಕುಳಿತಿದ್ದೆ. ಅಂಗಡಿಯವನು ತಲೆ ಎತ್ತಲಿಲ್ಲ. “ಅದು ನಿನ್ನೆಯೇ ಎಲ್ಲ ಅಳಿಸಿ ಬೇರೆಯವರಿಗೆ ಹೋಯ್ತು ಮಾರಾಯ. ಒಳಗೆ ಬೇಕಾದ್ದು ಎಂತಾದ್ರೂ ಉಂಟಾ ಅಂತ ಎರಡು ಸಲ ಕೇಳಿದೆ ನಿನ್ನತ್ರ. ನನ್ನದೇ ಸ್ವರ ಮಾಡಿ ‘ಎಂತ ಇಲ್ಲ’ ಅಂದೆ ನೀನು.”

ವಾಪಸು ಬಂದು ಬಾಯಮ್ಮನಿಗೆ ಹೇಳಿದೆ: “ಪುಕ್ಕಟೆ ಸಾಫ್ಟ್‌ವೇರಲ್ವಾ, ಅದೇ ತಿಂದು ಹಾಕಿದೆ.” ಅಷ್ಟಕ್ಕೇ ನಿಲ್ಲಲಿಲ್ಲ. ಅದನ್ನು ಮಾಡಿದವರು ದೂರು ಕೇಳುವ ಜಾಲತಾಣದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಬೈದು ಬರೆದೆ. ಮರುದಿನ ಯಾರೋ ಸಮಾಧಾನದಿಂದ ಉತ್ತರಿಸಿದ್ದರು. ಮೊದಲು ವಿಷಾದ. ಆಮೇಲೆ ಒಂದು ಪ್ರಶ್ನೆ: ಒಳಗಿನ ಫೋಲ್ಡರಿನ ವಿಚಿತ್ರ ಹೆಸರಿನ ಫೈಲುಗಳನ್ನೂ ನಕಲು ಮಾಡಿಕೊಂಡಿರಾ? ಒಂದೊಂದು ಫೈಲೂ ಒಂದೊಂದು ದೃಶ್ಯ.

ನನ್ನ ಹಿಂದೆ ನಿಂತು ಬಾಯಮ್ಮ ಅದನ್ನು ಓದಿದರು. ಒಂದು ಗಳಿಗೆ ಕುತ್ತಿಗೆಯ ಬಟ್ಟೆ ಅಲುಗಲಿಲ್ಲ. ಮತ್ತೆ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

“ವಾರ್ಡಿನಲ್ಲಿ ತಪ್ಪು ಮಾಡಿದವಳು ವರದಿ ಬರೀಬೇಕು. ಎಂತ ಮಾಡಿದೆ, ಯಾವಾಗ ಮಾಡಿದೆ. ನೆಪ ಬೇಡ, ಅಳು ಬೇಡ. ಬರೀದಿದ್ರೆ ನಾಳೆ ಇನ್ನೊಬ್ಬಳು ಅದೇ ಮಾಡ್ತಾಳೆ, ಇನ್ನೊಬ್ರು ಸಾಯ್ತಾರೆ. ಬರಿ.”

ಬರೆದೆ. ಮೂರು ಸಲ ಸೂಜಿ ಟಕ್ ಎಂದಿತು. ಮೂರು ಸಲವೂ ನಾನು ಒಂದು ತಮಾಷೆ ಸೇರಿಸಿದ್ದೆ. ಕೊನೆಗೆ ಐದು ಸಾಲು ಉಳಿಯಿತು. ಅದನ್ನು ನಾನು ಬೈದಿದ್ದ ಜಾಲತಾಣದಲ್ಲೇ, ನನ್ನಿಂದ ಕ್ಷಮೆ ಕೇಳಿಸಿ, ಹಾಕಿಸಿದರು. ನನ್ನ ಜೀವಮಾನದಲ್ಲಿ ಯಾರ ಧ್ವನಿಯನ್ನೂ ಕದಿಯದೆ ಬರೆದ ಮೊದಲ ಐದು ಸಾಲು ಅವು.

ಆಮೇಲೆ ಟೈಪಿಸಿದರು: “ಮಾತು ನೆನಪುಂಟಲ್ಲ ನಿಂಗೆ? ಹೇಳು.”

ನೆನಪಿತ್ತು. ಓದಿದ ಮಾತೆಲ್ಲ ಧ್ವನಿಗೆ ಅಂಟಿಕೊಂಡು ಉಳಿದಿತ್ತು. ವಾರ್ಡನ್ನಿನ ಮೂಗಿನ ಸ್ವರ ಹಿಡಿದರೆ ಸಾಕು, ಅವಳ ಮಾತು ತಾನಾಗಿ ಬರುತ್ತಿತ್ತು. ನಾನು ಹೇಳುತ್ತ ಹೋದೆ. ಅವರು ಟೈಪಿಸುತ್ತ, ಮಾತುಗಳ ನಡುವಿನದನ್ನು ಮತ್ತೆ ಹೊಸದಾಗಿ ಕಟ್ಟುತ್ತ ಹೋದರು. ಗೋಡೆಯ ಮೇಲಿಂದ ಗಂಜಿಯ ಪಾತ್ರೆ ದಾಟಿಸುವಾಗ ನನ್ನಮ್ಮ, “ಸ್ವಲ್ಪ ಮಲಗಿ ಬಾಯಮ್ಮ. ಈ ಮಂಗನ ಮಾತು ಕೇಳ್ಕೊಂಡು ಎಷ್ಟೂಂತ ಕೂತ್ಕೊಳ್ತೀರಿ?” ಎನ್ನುತ್ತಿದ್ದಳು. ಬೆರಳುಗಳು ಬಾತುಕೊಂಡವು. ಒಂದು ಪುಟಕ್ಕೆ ಒಂದು ದಿನ, ಮತ್ತೆ ಎರಡು ದಿನ. ಹತ್ತೊಂಬತ್ತು ದೃಶ್ಯ ಆಗುವಾಗ ಆಸ್ಪತ್ರೆಗೆ ಸೇರಿಸಿದೆವು. ಲ್ಯಾಪ್‌ಟಾಪನ್ನೂ ಕೊಂಡುಹೋಗಿದ್ದೆ. ತೆರೆಯಲಾಗಲಿಲ್ಲ.

ಶವಪೆಟ್ಟಿಗೆಯಲ್ಲಿ ಅವರ ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿದ್ದರು. ಅಂದು ಭಾನುವಾರವಾಗಿರಲಿಲ್ಲ.

ಕೆಲವು ದಿನ ಬಿಟ್ಟು ಸಾಫ್ಟ್‌ವೇರ್ ತೆರೆದಾಗ ಟಿಪ್ಪಣಿಗಳ ನಡುವೆ ನಾನು ಕಾಣದ ಒಂದು ಪುಟವಿತ್ತು. ಡ್ಯೂಟಿ ಬದಲಾಗುವಾಗ ಒಬ್ಬ ನರ್ಸು ಇನ್ನೊಬ್ಬಳಿಗೆ ರೋಗಿಗಳನ್ನು ಒಪ್ಪಿಸುವ ಹಾಗೆ ಬರೆದದ್ದು. “ಒಂದರಿಂದ ಹತ್ತೊಂಬತ್ತು: ಸ್ಥಿರ. ಇಪ್ಪತ್ತರಿಂದ ಮೂವತ್ತೆಂಟು: ಜೀವ ಉಂಟು, ಪುತನ ಹತ್ತಿರ. ಕೊನೆಯ ಮೂರು: ಬಿಟ್ಟುಬಿಡು.”

ಇಪ್ಪತ್ತನೆಯದರಲ್ಲಿ ಹಾಸ್ಟೆಲಿನ ಇಬ್ಬರು ನರ್ಸುಗಳು ಮಾತಾಡುತ್ತಾರೆ. ಒಬ್ಬಳ ತಾಯಿ ಊರಿನಲ್ಲಿ ತೀರಿಹೋಗಿದ್ದಾಳೆ, ಇವಳಿಗೆ ರಜೆ ಸಿಕ್ಕಿಲ್ಲ. ಅವರ ಮಾತು ಒಂದಕ್ಷರ ಬಿಡದೆ ನನಗೆ ಬರುತ್ತದೆ, ಟೈಪಿಸಿಯೂ ಆಗಿದೆ. ಆದರೆ ಮಾತು ಶುರುವಾಗುವ ಮೊದಲು ಆ ಹುಡುಗಿ ಕಿಟಕಿಯ ಹತ್ತಿರ ನಿಂತು ಹೊರಗೆ ಏನನ್ನೋ ನೋಡುತ್ತಾಳೆ. ಏನನ್ನು ಎಂದು ಬಾಯಮ್ಮ ಅರ್ಧ ಪುಟ ಬರೆದಿದ್ದರು. ಅದನ್ನು ಓದಿದ್ದು ಲೋಕದಲ್ಲಿ ನಾನೊಬ್ಬನೇ, ಗಡಬಡ ಓಡಿಸಿಕೊಂಡು.

ಈಗಲೂ ಸಂಜೆ ನಾಲ್ಕಕ್ಕೆ ಆ ದೃಶ್ಯ ತೆರೆದು ಕೂರುತ್ತೇನೆ. ಹುಡುಗಿ ಕಿಟಕಿಯ ಹತ್ತಿರ ನಿಂತೇ ಇದ್ದಾಳೆ.