ನಾವು ನೀರಿನ ಸ್ಕೂಟರ್ ಆರಿಸಿದ್ದು

ಚಿನ್ನು, ಪುಟ್ಟು,

ನಮ್ಮ ಮನೆಯ ನೀರಿನ ಸ್ಕೂಟರನ್ನು ಆರಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ನಿಮ್ಮಪ್ಪ ನನ್ನ ಕಡೆ ಕೈ ತೋರಿಸುತ್ತಾನೆ. ‘ಮಕ್ಕಳ ಬಗ್ಗೆ ಅಮ್ಮನಿಗೆ ಬಂದ ಯೋಚನೆ ನನಗೇ ಬರ್ಲಿಲ್ಲ’ ಎನ್ನುತ್ತಾನೆ. ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಅವನು ಹೇಳುವುದು ಪೂರ್ತಿ ನಿಜವಲ್ಲ. ನಿಜ ಏನೆಂದು ನಿಮಗೆ ಬರೆದು ತಿಳಿಸುತ್ತೇನೆ, ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಿಮ್ಮ ಈ ಅಜ್ಜಿ. ಅಲ್ಲೂ ಅಷ್ಟೆ, ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ, ಅವಳು ಎದ್ದು ಹೇಳಿ ಶಹಭಾಷ್ ಅನ್ನಿಸಿಕೊಳ್ಳುತ್ತಿದ್ದಳು.

ಇದು ಶುರುವಾದದ್ದು ಹೋದ ವರ್ಷದ ಚಳಿಗಾಲದ ರಜೆಯಲ್ಲಿ. ನಿಮ್ಮಪ್ಪನ ಲೇತ್ ಶಾಪಿಗೆ ಕೆಲಸ ಕೊಡುವ ಗೆಳೆಯರೊಬ್ಬರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಪರವಾನಗಿ ಪಡೆದು ದೋಣಿ ವಿಹಾರ ನಡೆಸುತ್ತಾರಲ್ಲ, ಅಲ್ಲಿಗೆ ಹೋಗಿದ್ದೆವು. ನೀವಿಬ್ಬರೂ ನಿಮ್ಮಪ್ಪನ ಜೊತೆ ಒಬ್ಬರಾದ ಮೇಲೆ ಒಬ್ಬರು ನೀರಿನ ಸ್ಕೂಟರ್ ಹತ್ತಿದಿರಿ. ನಾನು ದಡದಲ್ಲಿ ಎಲ್ಲರ ಚಪ್ಪಲಿ, ಟವಲು, ಮೊಬೈಲು ಕಾಯುತ್ತ ನಿಂತಿದ್ದೆ. ಕೊನೆಗೆ ನಿಮ್ಮಮ್ಮ ಒಬ್ಬಳೇ ಹೋಗಿ ದೊಡ್ಡ ಸುತ್ತು ಹೊಡೆದು ಬಂದಳು. ಜಡೆಯಿಂದ ನೀರು ಸುರಿಯುತ್ತಿತ್ತು. ‘ಅತ್ತೆ, ತಲೇಲಿದ್ದ ಚಿಂತೆಯೆಲ್ಲ ತೊಳ್ಕೊಂಡು ಹೋಯ್ತು’ ಎಂದು ನಕ್ಕಳು. ಅವಳು ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ಆಗಲೇ ನನಗೂ ಒಂದು ಸಲ ಅದರ ಮೇಲೆ ಕೂರಬೇಕು ಅನ್ನಿಸಿದ್ದು. ಕೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಅರವತ್ತೆಂಟು ವರ್ಷದ ಹೆಂಗಸು, ಗಂಡನಿಲ್ಲದವಳು, ನಾಲ್ಕು ಜನ ನೋಡುವ ಕಡೆ ‘ನನಗೂ ಬೇಕು’ ಅನ್ನುವುದು ಹೇಗೆ ಎಂದು ಸುಮ್ಮನಿದ್ದೆ.

ನೀರು ನನಗೆ ಹೊಸದಲ್ಲ. ನಮ್ಮ ಹೊಲದ ಬಾವಿಯಲ್ಲಿ ನಮ್ಮಣ್ಣ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನನ್ನನ್ನು ಮೆಟ್ಟಿಲಿಂದ ತಳ್ಳಿದ್ದ. ಹತ್ತು ವರ್ಷಕ್ಕೆಲ್ಲ ಬುರುಡೆಯಿಲ್ಲದೆ ಈಜುತ್ತಿದ್ದೆ. ಮದುವೆಯಾಗಿ ರಾಜಾಜಿನಗರದ ಬಾಡಿಗೆ ಮನೆಗೆ ಬಂದೆ. ಅಲ್ಲಿ ನೀರು ಅಂದರೆ ನಲ್ಲಿ ಮತ್ತು ಡ್ರಮ್ಮು. ನಿನಗೆ ಈಜು ಬರುತ್ತಾ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ತಾತನಿಗೂ ಗೊತ್ತಿರಲಿಲ್ಲ.

ಹಿನ್ನೀರಿನಿಂದ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆ ದೋಣಿ ವಿಹಾರದ ಗೆಳೆಯರು ಫೋನ್ ಮಾಡಿ, ನೀವೇ ಒಂದು ತಗೊಂಡರೆ ನಮ್ಮ ಜಾಗದಲ್ಲೇ ಓಡಿಸಬಹುದು ಎಂದರು. ಅಲ್ಲಿಂದ ಮುಂದೆ ನಮ್ಮ ಬಸವೇಶ್ವರನಗರದ ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲವಾಯಿತು. ಎರಡು ಗಾಡಿಗಳು ಲೆಕ್ಕಕ್ಕೆ ಉಳಿದವು. ಒಂದು ಚಿಕ್ಕದು, ಇಬ್ಬರು ಕೂರುವಂಥದ್ದು, ಹಗುರ. ಇನ್ನೊಂದು ಉದ್ದದ್ದು, ಮೂವರದ್ದು, ನೀರಿನಲ್ಲಿ ಹೆಚ್ಚು ಅಲ್ಲಾಡದು. ನಿಮ್ಮಪ್ಪನ ಮನಸ್ಸು ಚಿಕ್ಕದರ ಮೇಲೆ.

‘ಹಗುರ ಇದೆ ಕಣೇ, ತಿರುಗಿಸಿದ ಕಡೆ ತಿರುಗುತ್ತೆ. ಟ್ರೇಲರ್ ಸಮೇತ ಗೇಟೊಳಗೆ ನಿಲ್ಲುತ್ತೆ’ ಎಂದ.

‘ಗೇಟೊಳಗೆ ನಿಲ್ಸೋಕೆ ತಗೋತಿದೀರಾ, ನೀರಲ್ಲಿ ಓಡ್ಸೋಕೆ ತಗೋತಿದೀರಾ?’ ಎಂದಳು ನಿಮ್ಮಮ್ಮ.

ಭಾನುವಾರ ಇಬ್ಬರೂ ಟೇಪು ಹಿಡಿದು ಅಂಗಳ ಅಳೆದರು. ಉದ್ದದ್ದರ ಬಾಲ ಗೇಟಿನಿಂದ ಒಂದು ಮೊಳ ಹೊರಗೆ ಬರುತ್ತಿತ್ತು. ಎದುರು ಮನೆಯವರು ಪೇಪರ್ ಮಡಚಿಕೊಂಡು ಬಂದು ನಿಂತರು.

‘ಏನ್ ಸಾರ್, ಮನೆ ಅಳೀತಿದೀರಾ, ಮಾರ್ತೀರಾ?’

‘ಇಲ್ಲ ಸಾರ್, ನೀರಲ್ಲಿ ಓಡೋ ಗಾಡಿ ತರ್ತಾ ಇದೀವಿ.’

‘ಒಳ್ಳೇದಾಯ್ತು ಬಿಡಿ. ಮಳೆ ಬಂದಾಗ ಅಂಡರ್‌ಪಾಸ್ ದಾಟೋಕೆ ನಮ್ಮನ್ನೂ ಕೂರಿಸ್ಕೊಳಿ.’

ಅಂಗಡಿಯವರು ಫೋನಿನಲ್ಲಿ ‘ಓಡಿಸುವವರೆಲ್ಲರ ತೂಕ ಬರೆದುಕೊಂಡು ಬನ್ನಿ, ಅದರ ಮೇಲೆ ಯಾವುದು ಅಂತ ಹೇಳ್ತೇನೆ’ ಎಂದಿದ್ದರು. ನಿಮ್ಮಪ್ಪ ಕ್ಯಾಲೆಂಡರಿನ ಹಿಂದೆ ಬರೆದ: ತಾನು ಎಂಬತ್ತೆರಡು, ನಿಮ್ಮಮ್ಮ ಅರವತ್ತೊಂದು, ಚಿನ್ನು ಮೂವತ್ತನಾಲ್ಕು, ಪುಟ್ಟು ಇಪ್ಪತ್ತೈದು. ನಿಮ್ಮಮ್ಮ ಐವತ್ತೊಂಬತ್ತು ಎಂದು ಬರೆಸಲು ನೋಡಿದಾಗ ನೀವಿಬ್ಬರೂ ಅವಳನ್ನು ಎಳೆದುಕೊಂಡು ಹೋಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದು ನಿಮಗೆ ನೆನಪಿರಬೇಕು. ನಿಮ್ಮಪ್ಪ ನಾಲ್ಕು ಸಾಲಿನ ಕೆಳಗೆ ಗೆರೆ ಎಳೆದ. ನಾನು ಹುರುಳಿಕಾಯಿ ನಾರು ತೆಗೆಯುತ್ತ ಅಲ್ಲೇ ಕೂತಿದ್ದೆ. ನನ್ನದನ್ನು ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಧಾನವಾಗಿ ನಾರು ತೆಗೆದೆ.

ಮಾರನೆಯ ದಿನ ರಾಗಿ ಬೀಸಿಸಲು ಗಿರಣಿಗೆ ಹೋದೆ. ಮನೆಯ ಯಂತ್ರದ ಮೇಲೆ ನಿಂತರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಗಿರಣಿಯಲ್ಲಿ ಬೇರೆ ಗಿರಾಕಿಗಳು ಯಾರೂ ಇರಲಿಲ್ಲ. ರಾಗಿ ಚೀಲ ಇಳಿಸಿದ ಮೇಲೆ ಚಪ್ಪಲಿ ಬಿಟ್ಟು ತೂಕದ ಯಂತ್ರದ ಕಬ್ಬಿಣದ ತಟ್ಟೆಯ ಮೇಲೆ ನಾನೇ ನಿಂತೆ. ಹಿಟ್ಟು ಜರಡಿ ಹಿಡಿಯುತ್ತಿದ್ದ ಗಿರಣಿಯಾಕೆ ತಿರುಗಿ ನೋಡಿದಳು.

‘ಏನ್ ಆಂಟಿ, ನಿಮ್ಮನ್ನೂ ಬೀಸ್ಬೇಕಾ? ನುಣ್ಣಗಾ, ತರಿತರಿಯಾ?’

‘ಸುಮ್ನೆ ನೋಡಮ್ಮ, ಎಷ್ಟು ತೋರಿಸ್ತಿದೆ ಅಂತ.’

‘ಐವತ್ತಾರು. ಒಂದು ಮೂಟೆಗೆ ಆರು ಕೆಜಿ ಜಾಸ್ತಿ’ ಎಂದಳು.

ದಾರಿಯುದ್ದಕ್ಕೂ ಎಂಬತ್ತೆರಡಕ್ಕೆ ಐವತ್ತಾರು ಕೂಡಿಸುತ್ತ ಬಂದೆ. ನೂರ ಮೂವತ್ತೆಂಟು. ಚಿಕ್ಕ ಗಾಡಿ ನೂರ ಅರವತ್ತು ಹೊರುತ್ತದೆ ಎಂದು ಊಟದ ಹೊತ್ತಿಗೆ ಕೇಳಿಸಿಕೊಂಡಿದ್ದೆ. ಹಾಗಾದರೆ ಯಾವುದು ಬಂದರೂ ನನಗೆ ಜಾಗವಿದೆ ಎಂದುಕೊಂಡೆ. ಆಮೇಲೆ ಯೋಚನೆಯಾಯಿತು. ಬಾವಿಯಲ್ಲಿ ಈಜುವುದು ಕಷ್ಟವಲ್ಲ, ದಣಿದ ಮೇಲೆ ಮೇಲೆ ಹತ್ತುವುದು ಕಷ್ಟ. ನಮ್ಮ ಬಾವಿಗೆ ಮೆಟ್ಟಿಲಿತ್ತು. ಹಿನ್ನೀರಿನ ನಡುವೆ ಬಿದ್ದರೆ ಈ ಮಂಡಿ ನೋವಿನ ಕಾಲಿಟ್ಟುಕೊಂಡು ನಾನು ಏನನ್ನು ಹಿಡಿದು ಹತ್ತಬೇಕು? ಅಂಗಡಿಗೆ ಹೋಗುವ ದಿನದವರೆಗೂ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ನನ್ನನ್ನೂ ಕರೆದುಕೊಂಡು ಹೋದದ್ದು ನಿಮ್ಮ ತಾತ ಮಾಡಿಟ್ಟ ಪದ್ಧತಿಯಿಂದ. ಮನೆಗೆ ಬರುವ ಗಾಡಿಯ ಮೇಲೆ ಮನೆಯವರೆಲ್ಲ ಅಂಗಡಿಯಲ್ಲೇ ಒಂದು ಸಲ ಕೂತು ನೋಡಬೇಕು, ಆಮೇಲೆ ಮುಂಗಡ ಕೊಡಬೇಕು. ಮೊದಲ ಮೊಪೆಡ್ ತಂದಾಗ ಹಾಸಿಗೆ ಹಿಡಿದಿದ್ದ ತಮ್ಮ ತಾಯಿಯನ್ನೂ ಆಟೋದಲ್ಲಿ ಕರೆದೊಯ್ದು ಕೂರಿಸಿದ್ದರು.

ಅಂಗಡಿ ನಗರದ ಆಚೆ ತುದಿಯಲ್ಲಿತ್ತು. ವಿಜಯನಗರ ದಾಟುವಷ್ಟರಲ್ಲಿ ಪುಟ್ಟು ಎರಡು ಸಲ ‘ಬಂತಾ’ ಎಂದ. ಅಂಗಡಿಯವರು ಕರಾವಳಿಯ ಕಡೆಯವರು, ಬಿಸಿಲಿಗೆ ಕಂದಿದ ಮುಖ. ನಿಮ್ಮಪ್ಪ ಗಾಡಿಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ ಮೊದಲ ಮಾತು, ‘ಮೈಲೇಜ್ ಎಷ್ಟು ಕೊಡುತ್ತೆ ಸಾರ್?’

‘ಬೆಂಗಳೂರಿನವರೆಲ್ಲ ಇದನ್ನೇ ಕೇಳುದು ಮಾರ್ರೆ’ ಎಂದು ಅವರು ನಕ್ಕರು. ‘ಇದಕ್ಕೆ ಮೈಲೇಜ್ ಇಲ್ಲ. ಗಂಟೆಗೆ ಎಷ್ಟು ಲೀಟರ್ ಕುಡೀತದೆ ಅಂತ ಕೇಳ್ಬೇಕು.’

‘ನಿಮ್ಮ ಫ್ರೆಂಡ್ಸ್ ಲೆಕ್ಕ ಅದು, ನಿಮಗೆ ಅರ್ಥ ಆಗುತ್ತೆ ಬಿಡಿ’ ಎಂದಳು ನಿಮ್ಮಮ್ಮ.

ಓಡಿಸುವವರು ಕೈಗೆ ಕಟ್ಟಿಕೊಳ್ಳುವ ಒಂದು ಹುರಿಯನ್ನು ಅಂಗಡಿಯವರು ತೋರಿಸಿದರು. ಓಡಿಸುವವರು ನೀರಿಗೆ ಬಿದ್ದರೆ ಹುರಿ ಕಿತ್ತು ಬಂದು ಎಂಜಿನ್ ತಾನೇ ನಿಲ್ಲುತ್ತದೆ, ಗಾಡಿ ಬಿಟ್ಟು ಓಡಿಹೋಗುವುದಿಲ್ಲ. ನಿಮ್ಮಪ್ಪ ಚಿಕ್ಕದರ ಹ್ಯಾಂಡಲ್ ಹಿಡಿದು ಕೂತ. ಮುಖ ನೋಡಿದರೆ ಕಾಲೇಜಿಗೆ ಹೋಗುವಾಗ ಇದ್ದಂತೆಯೇ ಇತ್ತು. ‘ಇದೇ ಕಣೇ’ ಎಂದ. ನಿಮ್ಮಮ್ಮನೂ ಸೋತು ಬಿಡುವ ಹಾಗೆ ಕಂಡಳು. ಹಣದ ಮಾತು ಶುರುವಾಗುವುದರಲ್ಲಿತ್ತು. ಅಂಗಡಿಯವರ ಮುಖ ನೋಡದೆ ಗಾಡಿಯನ್ನೇ ನೋಡುತ್ತ ಕೇಳಿದೆ: ‘ಬಿದ್ದವರು ಮತ್ತೆ ಹತ್ತೋದು ಹೇಗೆ?’

ಅಂಗಡಿಯವರು ನನ್ನ ಕಡೆ ಪೂರ್ತಿ ತಿರುಗಿದರು.

‘ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಹಿಂದಿನಿಂದ ಹತ್ತಬೇಕು. ಚಿಕ್ಕದರಲ್ಲಿ ಕೈಬಲದ ಮೇಲೆ ಮೈ ಎಳ್ಕೊಳ್ಬೇಕು. ಒಬ್ಬರು ಮೇಲೆ ಕೂತಿದ್ರೆ ವಾಲ್ತದೆ, ಅವರೂ ಬೀಳುದುಂಟು. ದೊಡ್ಡದರಲ್ಲಿ ಇದು ಉಂಟು ನೋಡಿ.’ ಉದ್ದದ್ದರ ಹಿಂದೆ ಬಗ್ಗಿ, ಮಡಚಿದ್ದ ಒಂದು ಮೆಟ್ಟಿಲನ್ನು ಕೆಳಗೆ ಇಳಿಸಿದರು. ಹಿಡಿದುಕೊಳ್ಳಲು ಸೀಟಿನ ಹಿಂದೆ ಹಿಡಿಯೂ ಇತ್ತು. ‘ಕಾಲಿಟ್ಟು, ಇದನ್ನು ಹಿಡ್ಕೊಂಡು, ಆರಾಮಾಗಿ ಹತ್ಬಹುದು.’

ನಿಮ್ಮಪ್ಪ ಚಿಕ್ಕದರಿಂದ ಇಳಿದ. ನಿಮ್ಮಿಬ್ಬರನ್ನು ನೋಡಿದ, ಆ ಮೆಟ್ಟಿಲನ್ನು ನೋಡಿದ. ‘ಮಕ್ಕಳು ಬಿದ್ರೆ ಹೇಗೆ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ ಅಮ್ಮ’ ಎಂದ. ‘ಅತ್ತೆಗೆ ಯಾವಾಗ್ಲೂ ಮಕ್ಕಳದ್ದೇ’ ಎಂದಳು ನಿಮ್ಮಮ್ಮ. ಉದ್ದದ್ದೇ ಆಗಲಿ ಎಂದು ಅಲ್ಲೇ ತೀರ್ಮಾನವಾಯಿತು. ಬಾಲ ಹೊರಗೆ ಬಂದರೆ ಗೇಟಿನ ಒಂದು ರೆಕ್ಕೆ ತೆಗೆಸಿದರಾಯಿತು ಎಂದ ನಿಮ್ಮಪ್ಪ. ಅಲ್ಲೇ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಮಕ್ಕಳೇ, ಆ ಪ್ರಶ್ನೆ ಕೇಳುವಾಗ ನೀವಿಬ್ಬರು ನನ್ನ ಮನಸ್ಸಿನಲ್ಲಿ ಇರಲಿಲ್ಲ. ನನ್ನ ಮಂಡಿ ಇತ್ತು. ನಿಮ್ಮಪ್ಪ ತನಗೆ ಇಷ್ಟವಾದದ್ದನ್ನು ನಿಮಗಾಗಿ ಎಂದು ಬಿಟ್ಟ, ಬಿಡಿಸಿದ್ದು ನನ್ನ ಆಸೆ.

ಆಮೇಲೆ ಪದ್ಧತಿಯ ಪ್ರಕಾರ ನೀವೆಲ್ಲರೂ ಉದ್ದದ್ದರ ಮೇಲೆ ಕೂತಿರಿ. ನನ್ನ ಸರದಿ ಬಂದಾಗ ಅಭ್ಯಾಸಬಲದಿಂದ, ಸ್ಕೂಟರಿನ ಹಿಂದೆ ಕೂರುವಂತೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತೆ.

‘ಹಾಗೆ ಕೂರ್ಲಿಕ್ಕೆ ಆಗುದಿಲ್ಲ ಅಮ್ಮ, ನೀರಲ್ಲಿ ಜಾರಿ ಹೋಗ್ತೀರಿ’ ಎಂದರು ಅಂಗಡಿಯವರು.

‘ಇರ್ಲಿ ಬಿಡಿ ಸಾರ್, ಅಮ್ಮ ಸುಮ್ನೆ ಶಾಸ್ತ್ರಕ್ಕೆ ಕೂತಿದ್ದು’ ಎಂದ ನಿಮ್ಮಪ್ಪ. ನಾನು ಸೆರಗು ಸರಿಮಾಡಿಕೊಂಡು ಇಳಿದೆ.

ರಸೀದಿ ಬರೆಯುವ ಮೇಜಿನ ಹತ್ತಿರ ಅಂಗಡಿಯವರು, ಮೈಮೇಲೆ ತೊಡುವ ತೇಲುವ ಜಾಕೆಟ್ ಎಷ್ಟು ಬೇಕು ಎಂದು ಕೇಳಿದರು. ಜಾಕೆಟ್ ಇಲ್ಲದವರನ್ನು ಹತ್ತಿಸುವುದೇ ಇಲ್ಲ, ಅಲ್ಲಿನ ನಿಯಮ ಅದು ಎಂದರು.

‘ನಾಲ್ಕು’ ಎಂದ ನಿಮ್ಮಪ್ಪ.

ಅವರು ಬರೆಯಲು ಪೆನ್ನು ಊರಿದರು. ಈ ಸಲವೂ ಸುಮ್ಮನಿದ್ದರೆ ಇನ್ನು ಮುಂದೆ ದಡದಲ್ಲಿ ಚಪ್ಪಲಿ ಕಾಯುವುದೇ ನನ್ನ ಕೆಲಸ ಎಂದು ನನಗೆ ತಿಳಿಯಿತು.

‘ಐದು’ ಎಂದೆ.

‘ಇನ್ನೊಂದು ಯಾರಿಗಮ್ಮ?’

‘ನನಗೆ.’

ನಿಮ್ಮಪ್ಪ ನಗಲಿಲ್ಲ, ಗಾಬರಿಯಾದ. ‘ಅಮ್ಮ, ಈಜು ಬರಲ್ವಲ್ಲ ನಿಮಗೆ?’

‘ಬರುತ್ತೆ. ಬಾವೀಲಿ ಕಲ್ತಿದೀನಿ.’

‘ಯಾವ ಬಾವಿ? ಇಷ್ಟು ವರ್ಷ ಹೇಳ್ಲೇ ಇಲ್ಲ?’

‘ಯಾರು ಕೇಳಿದ್ರು?’ ಎಂದುಬಿಟ್ಟೆ. ನನ್ನ ದನಿ ನನಗೇ ಸ್ವಲ್ಪ ಜೋರಾಗಿ ಕೇಳಿಸಿತು.

ಅಂಗಡಿಯವರಿಗೆ ಇದ್ಯಾವುದೂ ಬೇಕಿರಲಿಲ್ಲ. ‘ಅಮ್ಮನ ತೂಕ ಎಷ್ಟು? ಜಾಕೆಟ್ ತೂಕದ ಮೇಲೆ ಕೊಡುದು’ ಎಂದರು. ನಿಮ್ಮಪ್ಪ ನಿಮ್ಮಮ್ಮನ ಮುಖ ನೋಡಿದ, ನಿಮ್ಮಮ್ಮ ಅವನ ಮುಖ ನೋಡಿದಳು. ‘ಐವತ್ತಾರು’ ಎಂದೆ. ತಡವರಿಸದೆ ಹೇಳಿದ್ದು ನೋಡಿ ನಿಮ್ಮಮ್ಮನಿಗೆ ಏನೋ ಹೊಳೆದಿರಬೇಕು. ನನ್ನ ಕೈ ಹಿಡಿದು ಗಾಡಿಯ ಹತ್ತಿರ ಕರೆದುಕೊಂಡು ಹೋದಳು.

‘ಅತ್ತೆ, ಸರಿಯಾಗಿ ಕೂತು ನೋಡಿ. ನನ್ನ ಚೂಡಿದಾರ್ ಪ್ಯಾಂಟ್ ಕೊಡ್ತಿದ್ದೆ, ಈಗ ತಂದಿಲ್ಲ.’

‘ಬೇಡಮ್ಮ’ ಎಂದು ಒಳಗಿನ ಬಚ್ಚಲಿಗೆ ಹೋಗಿ, ನಾಟಿ ಮಾಡುವಾಗ ನಮ್ಮೂರ ಹೆಂಗಸರು ಉಡುವ ಹಾಗೆ ಸೀರೆ ಎತ್ತಿ ಕಚ್ಚೆ ಹಾಕಿ ಬಂದೆ. ಎರಡು ಕಡೆ ಕಾಲು ಹಾಕಿ ಕೂತೆ. ಮಂಡಿ ನೋಯಿತು, ಆದರೂ ಕೂತೆ. ನೀವಿಬ್ಬರೂ ಚಪ್ಪಾಳೆ ತಟ್ಟಿದಿರಿ, ನನಗೆ ನಾಚಿಕೆಯಾಗಿ ಹ್ಯಾಂಡಲನ್ನೇ ನೋಡುತ್ತಿದ್ದೆ.

ಯುಗಾದಿ ಕಳೆದ ಮೇಲಿನ ಶನಿವಾರ ನಿಮ್ಮಪ್ಪನ ಹಿಂದೆ ಕೂತು ಮೊದಲ ಸಲ ಹಿನ್ನೀರಿಗೆ ಹೋದೆ. ಅವನು ಎತ್ತಿನ ಗಾಡಿಯಂತೆ ನಿಧಾನವಾಗಿ ಓಡಿಸಿದ. ನೀರು ಮುಖಕ್ಕೆ ಎರಚುತ್ತಿತ್ತು, ಕಣ್ಣು ಉರಿಯಿತು. ದಡದ ಹತ್ತಿರ ಬಂದು ‘ಸಾಕಾ ಅಮ್ಮ?’ ಎಂದ. ‘ಇನ್ನೊಂದು ಸುತ್ತು, ಸ್ವಲ್ಪ ಜೋರಾಗಿ’ ಎಂದೆ. ಹೋದ. ತಿರುಗಿಸುವಾಗ ಗಾಡಿ ನಿಧಾನವಾಗಿ ದೊಡ್ಡದಾಗಿ ತಿರುಗಿತು. ಚಿಕ್ಕದಾಗಿದ್ದರೆ ಅವನಿಗೆ ಇನ್ನೂ ಖುಷಿಯಾಗುತ್ತಿತ್ತು ಎಂದು ಅವನ ಬೆನ್ನು ನೋಡುತ್ತಲೇ ನನಗೆ ಗೊತ್ತಾಯಿತು. ಅವನು ಹೇಳಲಿಲ್ಲ. ಹೇಳದೆ ಇರುವುದು ಅವನಿಗೆ ನನ್ನಿಂದಲೇ ಬಂದಿರಬೇಕು.

ಅದಕ್ಕೇ ಇದನ್ನು ಬರೆದೆ. ನಿಮ್ಮಪ್ಪನಿಗೆ ನಾನೇ ಒಂದು ದಿನ ಹೇಳಬೇಕೆಂದಿದ್ದೇನೆ, ಆದರೆ ನನ್ನನ್ನು ನಾನು ಬಲ್ಲೆ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮ ಹತ್ತಿರ ಇರಲಿ. ಚಿನ್ನು, ನಿನ್ನ ಅಂಕಪಟ್ಟಿಗಳ ಫೈಲಿನೊಳಗೆ ಇಡು, ಅದನ್ನು ನೀನು ಯಾರಿಗೂ ಮುಟ್ಟಗೊಡುವುದಿಲ್ಲ. ಪುಟ್ಟು, ಇದರಲ್ಲಿ ವಿಮಾನ ಮಡಚಬೇಡ. ನಾನು ಹೇಳದೆಯೇ ಹೋದರೆ ಇದನ್ನು ಅವನ ಕೈಗೆ ಕೊಡಿ, ಒಂದು ಹಾಳೆಯೂ ಕಳೆಯದ ಹಾಗೆ.