ಗಾಳಿಪಟದ ಚೀಲದ ಮೇಲೆ ಮಲಗಿದ ಅತ್ತೆ

ಗೆಳೆಯರೇ, ನನ್ನ ತಮ್ಮ ಗಾಳಿಪಟದ ಸಮೇತ ಸಮುದ್ರಕ್ಕೆ ಬಿದ್ದಂತೆ ಬೆಳಗಿನ ಜಾವ ಕನಸು ಬಿತ್ತು. ಬೀಳದೆ ಇನ್ನೇನು? ಅವನು ಕರಾವಳಿಯಲ್ಲಿ ದೊಡ್ಡ ಪಟ ಹಿಡಿದು ನೀರಿನ ಮೇಲೆ ಜಾರುವ ಆಟ ಕಲಿಸುತ್ತಾನೆ. ಪಟ ಮುಳುಗದಂತೆ ಅದರೊಳಗೆ ಗಾಳಿ ತುಂಬುವ ಉದ್ದನೆಯ ಪ್ಲಾಸ್ಟಿಕ್ ಚೀಲವಿರುತ್ತದೆ. ಅದು ಹರಿಯಿತೆಂದು ನಮ್ಮೂರು ಮಿಡಿಗೇಶಿಗೆ, ಮನೆಯಲ್ಲಿ ಕಡಲೆಬೀಜದ ಚಿಕ್ಕಿ ಮಾಡಿ ಮಾರುವ ನನ್ನ ಹತ್ತಿರ ನಿನ್ನೆ ತಂದಿದ್ದ!

"ಚಿಕ್ಕಿ ಪ್ಯಾಕೆಟ್ ಸೀಲ್ ಮಾಡ್ತೀಯಲ್ಲಕ್ಕಾ, ಅಂಗೇ ಇದ್ನೂ ಮಾಡ್ಬುಡು" ಅಂದ.

"ಚಿಕ್ಕಿ ಮೆತ್ತಗಾದ್ರೆ ಬೈತಾರೆ ಅಷ್ಟೇ ಕಣ್ಲಾ. ನೀನು ಮುಳುಗೋದ್ರೆ?"

ಆದರೂ ಹರಿದ ಅಂಚು ಮಡಿಸಿ ಸೀಲಿಂಗ್ ಮಷಿನ್ನಿನಲ್ಲಿ ಒತ್ತಿದೆ. ಅವನು ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದ. ಚೀಲ ನಡುಮನೆ ತುಂಬ ಹೆಬ್ಬಾವಿನಂತೆ ಉಬ್ಬಿತು. ಬೆಸುಗೆಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೇನೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಹೊಲದಿಂದ ಬಂದ ನಮ್ಮತ್ತೆ ಧಪ್ಪೆಂದು ಅದರ ಮೇಲೆ ಕುಳಿತೇಬಿಟ್ಟರು!

"ಅತ್ತೆ, ಏಳಿ, ಒಡ್ದೋಯ್ತದೆ!"

"ಸೊಂಟಕ್ಕೆ ಇತವಾಗೈತೆ ಕಣಮ್ಮ. ಅವನ್ಗೆ ಬ್ಯಾರೇದು ತಕ್ಕಳಾಕೆ ಹೇಳು" ಎಂದು ಕಾಲು ಚಾಚಿ ಮಲಗಿಯೂಬಿಟ್ಟರು.

ಚೀಲ ಒಡೆಯಲಿಲ್ಲ. ನೊರೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ಬೆಸುಗೆ ತಡೆಯಿತು! ನಾವಿಬ್ಬರೂ ಕುಣಿದಾಡಿದೆವು, ನಕ್ಕು ನಕ್ಕು ಹೊಟ್ಟೆ ನೋವು ಬಂತು. ಟೀ ತೋರಿಸಿ ಅತ್ತೆಯನ್ನು ಎಬ್ಬಿಸಿ, ಚೀಲ ಮಡಿಸಿಕೊಂಡು ತಮ್ಮ ಬಸ್ಸು ಹತ್ತಿದ.

ತಮ್ಮಾ ಮಂಜ, ಇದನ್ನು ಓದುತ್ತಿದ್ದರೆ ಒಂದು ಮಾತು. ನೀರಿಗಿಳಿಯುವ ಮುಂಚೆ ಬೆಸುಗೆಯ ಎಡತುದಿಗೆ ಇನ್ನೊಂದು ಸಲ ನೊರೆ ಹಚ್ಚಿ ನೋಡಪ್ಪ. ಆ ತುದಿ ಅತ್ತೆಯ ಸೀರೆಯ ಕೆಳಗಿತ್ತು, ನನಗೆ ಕಾಣಲೇ ಇಲ್ಲ.